ಜಿಕ್ರಾ ಆಟಕ್ಕೆ ಸೇರಿದ್ದು

ಬಣಕಲ್, ಮೂಡಿಗೆರೆ ತಾಲ್ಲೂಕು

ಚಿ. ತಮ್ಮ ಚನ್ನವೀರನಿಗೆ, ಮೂವತ್ನಾಲ್ಕು ವರ್ಷ ಕನ್ನಡ ಶಾಲೆಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತಳಾದ ಎಚ್. ಎಂ. ಕೊಟ್ರಮ್ಮ, ಅಂದರೆ ನಿನ್ನ ಅಕ್ಕ, ಆಶೀರ್ವದಿಸಿ ಬರೆಯುವುದು.

ಮಕ್ಕಳಿಗೆ ಇತರರೊಡನೆ ಬೆರೆಯುವುದನ್ನು ಕಲಿಸುವುದೂ ಒಂದು ಉದ್ಯೋಗವೇ ಎಂದು ನೀನು ಕೇಳಿ, ನಿನ್ನ ಮಗಳು ಸುಪ್ರಿಯಾಳನ್ನು ಹರಪನಹಳ್ಳಿಗೆ ಕರೆತರಲು ನನ್ನನ್ನು ಕಳಿಸಿದೆ. ನಿನ್ನೆ ಅವಳು ಕೆಲಸ ಮಾಡುವ ಶಾಲೆಯಲ್ಲಿ ನಾನು ಕಂಡದ್ದನ್ನು ಓದು. ಯಾರೊಡನೆಯೂ ಮಾತಾಡದೆ ಗೋಡೆಗೊರಗಿ ನಿಲ್ಲುತ್ತಿದ್ದ, ಈಗ ಸುಪ್ರಿಯಾಳ ಬಳಿ ಕಲಿಯುತ್ತಿರುವ ಜಿಕ್ರಾ ಎಂಬ ಹುಡುಗಿ, ಆಡುತ್ತಿದ್ದವರ ಬಳಿ ತಾನೇ ಹೋಗಿ, "ನನ್ನೂ ಸೇರಿಸ್ಕೊಳ್ತೀರಾ?" ಎಂದಳು.

"ಜಾಗ ಇಲ್ಲ ಮಾರಾಯ್ತಿ," ಎಂದ ಒಬ್ಬ.

ನಾನು ಅವನನ್ನು ಗದರಿಸಲು ಎದ್ದೆ. ಸುಪ್ರಿಯಾ ನನ್ನ ಸೆರಗು ಹಿಡಿದು, "ಅತ್ತೆ, ಕುಂದ್ರಿ. ಅವಳೇ ಮಾತಾಡ್ಲಿ," ಎಂದಳು.

ಜಿಕ್ರಾ ಅಳಲಿಲ್ಲ. "ಹಂಗಾದ್ರೆ ಮುಂದಿನ ಆಟಕ್ಕೆ ಸೇರಿಸ್ಕೊ. ಅಲ್ಲಿವರೆಗೆ ಚೆಂಡು ಕಾಫಿ ತೋಟಕ್ಕೆ ಬಿದ್ರೆ ಹೆಕ್ಕಿ ಕೊಡ್ತೀನಿ."

"ಅಲ್ಲಿ ಜಿಗಣೆ ಹತ್ತುತ್ತೆ, ನೋಡು."

"ನಿಂಗೆ ಹತ್ತಲ್ವಲ್ಲ, ಬಿಡು!"

ಎಲ್ಲರೂ ನಕ್ಕರು. ಮುಂದಿನ ಆಟದಲ್ಲಿ ಅವಳೂ ಇದ್ದಳು. ನಾನು ಗದರಿಸಿದ್ದರೆ ನನ್ನ ಭಯಕ್ಕೆ ಸೇರಿಸಿಕೊಳ್ಳುತ್ತಿದ್ದರು. ನಾನು ಬಸ್ಸು ಹತ್ತಿದೊಡನೆ ಹೊರಹಾಕುತ್ತಿದ್ದರು. ಇದನ್ನು ಕಲಿಸುವುದು ಉದ್ಯೋಗವೇ ಹೌದು, ನಿನ್ನ ಮಗಳಿಗೆ ಅದು ಚೆನ್ನಾಗಿ ಬರುತ್ತದೆ.

ನನ್ನ ಮಂಡಿನೋವು ಕಡಿಮೆಯಿದೆ. ಸೋಮವಾರ ಒಬ್ಬಳೇ ಹೊರಡುತ್ತೇನೆ. ಅಂಚೆಯ ವೇಳೆಯಾಯಿತು, ಜೊತೆಗೆ ಕಾಗದಗಳಿರುವುದರಿಂದ ಈ ಕಾರ್ಡನ್ನು ಲಕೋಟೆಯಲ್ಲಿಟ್ಟಿದ್ದೇನೆ.

ಲಗತ್ತು: ಸುಪ್ರಿಯಾಳನ್ನು ಮುಂದಿನ ವರ್ಷಕ್ಕೂ ಉಳಿಸಿಕೊಳ್ಳುವ ಬಗ್ಗೆ ಶಾಲೆಯ ಪತ್ರದ ನಕಲು, ಅವಳ ಒಪ್ಪಿಗೆಪತ್ರದ ನಕಲು, ಸಾಕ್ಷಿಯಾಗಿ ನನ್ನ ರುಜು ಸಮೇತ.