ನಾಲ್ಕು ಗಂಟೆಯ ಹಕ್ಕಿ

ಸೆಪ್ಟೆಂಬರ್ ೪, ಗುರುವಾರ. ಬೆಳಿಗ್ಗೆ ೫.೫೦

ಎಡ, ೨೦ ನಿಮಿಷ. ಬಲಕ್ಕೆ ಬಾಯಿ ಹಾಕಲಿಲ್ಲ, ನಿದ್ದೆ ಹೋದಳು. ಉಸಿರಾಡುತ್ತಿದ್ದಾಳೆ — ಎರಡು ಸಲ ನೋಡಿದೆ.

ಮ್ಯಾಗ್‌ಪೈ ೨, ಕೇ. ಕೂಕಬರ ೧, ಕೇ. ಬಾತ್‌ರೂಮಿನ ಗಾಜಿಗೆ ಪಟಪಟ ಬಡಿಯುತ್ತಿರುವುದು ಬೊಗಾಂಗ್ ಪತಂಗವೇ ಇರಬೇಕು. ಅದೂ ಕೇ.

ಇದು ಕ್ಲಿನಿಕ್ಕಿನ ನರ್ಸ್ ಕೊಟ್ಟ ಹಾಲಿನ ಪಟ್ಟಿ. ಎಡ, ಬಲ, ಹೊತ್ತು, ಒದ್ದೆ ಬಟ್ಟೆ. ಕೊನೆಯ ಕಾಲಂ 'ಇತರೆ'. ಅಲ್ಲಿ ಹಕ್ಕಿ ಬರೆಯುತ್ತೇನೆ. ಕೇ ಅಂದರೆ ಕೇಳಿದ್ದು, ನೋ ಅಂದರೆ ನೋಡಿದ್ದು. ಅತ್ತೆ ನೋರೀನ್ ಕಲಿಸಿದ ಪದ್ಧತಿ. ಕಣಿವೆಯ ಹಕ್ಕಿ ಸಂಘದ ದಾಖಲೆ ಪುಸ್ತಕ ನಲವತ್ತು ವರ್ಷದಿಂದ ಅವರ ಅಡುಗೆಮನೆ ಮೇಜಿನ ಮೇಲಿದೆ. ಈಗ ಕಿವಿ ಮಂದ. ಮಿಷನ್ ಹಾಕಿಕೊಂಡರೆ ಫ್ರಿಜ್ ಕೇಳುತ್ತದಂತೆ, ಹಕ್ಕಿ ಕೇಳುವುದಿಲ್ಲವಂತೆ. ಹಾಗಾಗಿ ಕೇ ಎಲ್ಲ ನನ್ನ ಪಾಲಿಗೆ.

ಹ್ಯಾಟಿ ಹುಟ್ಟಿ ನಾಲ್ಕು ತಿಂಗಳು. ಅಂದಿನಿಂದ ನನ್ನ ಪಟ್ಟಿಯಲ್ಲಿ ಒಂದೂ ನೋ ಇಲ್ಲ. ಬೈನಾಕ್ಯುಲರ್ ಬಾಗಿಲ ಹಿಂದೆ ನೇತಾಡುತ್ತಿದೆ.

ಸೆಪ್ಟೆಂಬರ್ ೯. ಬೆಳಿಗ್ಗೆ ೫.೪೫

ಬಲ, ೧೫.

ಬಂತು! ಹೊಳೆದಡದ ಗಾಳಿಮರದಿಂದ — 'ನಾಲ್ಕ್ ಗಂಟೆ, ನಾಲ್ಕ್ ಗಂಟೆ'. ಬೋಳುತಲೆ ಹಕ್ಕಿ. ಚಳಿಗೆ ಉತ್ತರಕ್ಕೆ ಹೋಗಿ, ಇಲ್ಲಿ ಸೆಪ್ಟೆಂಬರಿಗೆ ಬರುವ ವಸಂತಕ್ಕೆ ವಾಪಸ್ಸಾಗುವ ಗಲಾಟೆಗಾರ. ಈ ವರ್ಷದ ಮೊದಲನೆಯದು, ಕೇ. ಏಳಾಗುವವರೆಗೆ ಕಾದು ನೋರೀನ್‌ಗೆ ಮೆಸೇಜು ಹಾಕಿದೆ. ಪುಸ್ತಕಕ್ಕೆ ಏರಿಸಿದ್ದಾಯಿತು, ಹೋದ ವರ್ಷಕ್ಕಿಂತ ನಾಲ್ಕು ದಿನ ಮುಂಚೆ ಎಂದು ಉತ್ತರ ಬಂತು.

ಗಂಡ ರೀಸ್‌ಗೆ ಹೇಳಿದೆ. ಟೋಸ್ಟ್ ಅಗಿಯುತ್ತಾ, "ಏಳು ದಾಟ್ತು, ಅದಿನ್ನೂ ನಾಲ್ಕು ಅಂತಿದೆ. ಈ ಮನೇಲಿ ನಾಲ್ಕಕ್ಕೆ ಎದ್ದಿರೋದು ನೀನೊಬ್ಬಳೇ, ನಿನಗೇ ಹೇಳ್ತಿರ್ಬೇಕು," ಅಂದ. ಹೆಲ್ಮೆಟ್ ಹಾಕಿ ಸೈಕಲ್ ಹತ್ತಿದ. ಗೂಡು ಕಾಯುವ ಮ್ಯಾಗ್‌ಪೈ ತಲೆಗೆ ಎರಗದಿರಲೆಂದು ಹೆಲ್ಮೆಟ್ ತುಂಬ ಪ್ಲಾಸ್ಟಿಕ್ ಕಡ್ಡಿ ಚುಚ್ಚಿಕೊಂಡಿದ್ದಾನೆ. ಮುಳ್ಳುಹಂದಿ ಕೆಲಸಕ್ಕೆ ಹೊರಟ ಹಾಗೆ.

ಸೆಪ್ಟೆಂಬರ್ ೧೭

ಎಡ. ಬಲ. ಮತ್ತೆ ಎಡ. ರಾತ್ರಿ ಒಟ್ಟು ಎರಡು ಗಂಟೆ ನಿದ್ದೆ, ಅದೂ ತುಂಡು ತುಂಡು.

ನಾಲ್ಕು ಗಂಟೆ ಹಕ್ಕಿ ದಿನಾ ಹಾಡುತ್ತಿದೆ. ಒಂದೇ. ಜೊತೆಯವರು ಎಲ್ಲಿ? ಬೋಳುತಲೆಗಳು ಬಂದರೆ ಮದುವೆ ದಿಬ್ಬಣ ಬಂದ ಹಾಗೆ ಬರಬೇಕು. ಇದು ಮೆತ್ತಗೆ ಹೇಳಿ ಸುಮ್ಮನಾಗುತ್ತದೆ... ಮಗು ಮನೆಪಾಠ ಒಪ್ಪಿಸಿದಂತೆ.

ನರ್ಸ್ ಬಂದಿದ್ದರು. ಹ್ಯಾಟಿ ತೂಕ ಚೆನ್ನಾಗಿದೆಯಂತೆ. ಆಮೇಲೆ ನನ್ನನ್ನೇ ನೋಡಿದರು.

ಅಕ್ಟೋಬರ್ ೫, ಭಾನುವಾರ

ಬೇಸಿಗೆಗೆಂದು ಊರಿನ ಗಡಿಯಾರವೆಲ್ಲ ಒಂದು ಗಂಟೆ ಮುಂದಕ್ಕೆ. ಹ್ಯಾಟಿಗೆ ಯಾರೂ ತಿಳಿಸಿಲ್ಲ. ಹಕ್ಕಿಗೂ.

ಅಕ್ಟೋಬರ್ ೮, ಬುಧವಾರ. ೧೦.೩೦

ಬರೆದುಬಿಡಬೇಕು.

ಬಟ್ಟೆ ಒಣಹಾಕುತ್ತಿದ್ದೆ. ಹ್ಯಾಟಿ ಹುಲ್ಲಿನ ಮೇಲೆ, ತಳ್ಳುಗಾಡಿಯಲ್ಲಿ. ತಂತಿಯ ಮೇಲೆ ಜೆಝೆಬೆಲ್ ಚಿಟ್ಟೆ ಕೂತಿತು — ಮೇಲೆ ಕಪ್ಪು-ಬಿಳಿ, ಮಡಿಚಿದಾಗ ಕೆಂಪು-ಹಳದಿ. ಐದು ತಿಂಗಳಲ್ಲಿ ಮೊದಲ ನೋ. ಎಷ್ಟು ಹೊತ್ತು ನೋಡುತ್ತಾ ನಿಂತೆನೋ. ಎದ್ದು ಹೊಳೆಯತ್ತ ಹೊರಟಿತು. ತಳ್ಳುಗಾಡಿ ತಳ್ಳಿಕೊಂಡು ಹಿಂದೆಯೇ ಹೋದೆ. ಗಾಳಿಮರದ ಬಂದಳಿಕೆಗೆ ಏರಿತು, ಮೊಟ್ಟೆ ಇಡುವುದು ಅಲ್ಲೇ ತಾನೆ. ಕತ್ತೆತ್ತಿದೆ.

ಬಂದಳಿಕೆಯ ಹೂವಿನ ನಡುವೆ ಒಂದು ಹಕ್ಕಿ. ಕಪ್ಪು ತಲೆ. ಎದೆ ತುಂಬ ಹಳದಿ ಕಸೂತಿ. ರೆಕ್ಕೆಯಲ್ಲಿ ಬಂಗಾರ. ಬಾಯಿ ತೆರೆದು, ತಲೆ ಬಗ್ಗಿಸಿ, 'ನಾಲ್ಕ್ ಗಂಟೆ' ಅಂದಿತು.

ರೀಜೆಂಟ್. ರೀಜೆಂಟ್ ಜೇನುಹಕ್ಕಿ. ಇಡೀ ಭೂಮಿಯಲ್ಲಿ ಕೆಲವು ನೂರು ಮಾತ್ರ. ನೋರೀನ್ ಪುಸ್ತಕದಲ್ಲಿ ಕೊನೆಯದು ಹನ್ನೊಂದು ವರ್ಷದ ಹಿಂದೆ.

ಬೋಳುತಲೆ ಬಂದೇ ಇಲ್ಲ! ಒಂದು ತಿಂಗಳಿಂದ ಕೇ ಕೇ ಕೇ ಎಂದು ಬರೆದದ್ದೆಲ್ಲ ಇದನ್ನೇ!

ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಗೂ ಬರೆದಿದ್ದೆ. ಇವು ಎಷ್ಟು ಕಡಿಮೆಯಾಗಿವೆ ಎಂದರೆ ಗಂಡುಮರಿಗೆ ಹಾಡು ಕಲಿಸಲು ಹತ್ತಿರದಲ್ಲಿ ಹಿರಿಯ ಗಂಡಿರುವುದಿಲ್ಲ. ಕಿವಿಗೆ ಬಿದ್ದ ನೆರೆಯವರ ಹಾಡನ್ನೇ ಕಲಿಯುತ್ತದೆ. ಎಪ್ಪತ್ತೆಂಟು ಅಂಕ ಬಂದಿತ್ತು ನನಗೆ. ಒಂದು ದಿನ ಕತ್ತೆತ್ತಿ ನೋಡಲಾಗಲಿಲ್ಲ.

ಫೋಟೋ ತೆಗೆದೆ. ಒಂದು ಕಪ್ಪು ಚುಕ್ಕೆ ಮತ್ತು ನನ್ನ ಹೆಬ್ಬೆರಳು.

ಅದೇ ದಿನ, ಸಂಜೆ

ರೀಸ್ ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, ನಿನ್ನೆ ಎಷ್ಟು ಹೊತ್ತು ಮಲಗಿದ್ದೆ ಎಂದು ಕೇಳಿದ. ಬೈದಿದ್ದರೆ ಚೆನ್ನಾಗಿತ್ತು.

ನೋರೀನ್‌ಗೆ ಫೋನಿನಲ್ಲಿ ಕಿರುಚಿ ಕಿರುಚಿ ಹೇಳಿದೆ. ಏನು ಹಾಡಿತು ಅಂದರು. ನಾಲ್ಕು ಗಂಟೆ ಅಂದೆ.

"ಹಾಗಾದ್ರೆ ಬೋಳುತಲೇನೇ ಕಣಮ್ಮಾ. ಬಿಸಿಲು ಬಿದ್ದಿರತ್ತೆ, ಹಳದಿ ಕಂಡಿರತ್ತೆ. ನನಗೆ ಕಿವಿ ಹೋಯ್ತು, ನಿನಗೆ ಕಣ್ಣು ಹೋಯ್ತು. ಇಬ್ರೂ ಸೇರಿದ್ರೆ ಒಂದು ಹಕ್ಕಿಯೂ ಸಿಕ್ಕಲ್ಲ."

ಹಾಡು ಕಲಿತದ್ದು, ಕದ್ದದ್ದು, ಎಲ್ಲ ವಿವರಿಸಿದೆ. ಫೋನಿನಲ್ಲಿ ಅರ್ಧ ಕೇಳಿಸಿರಲಾರದು. ರೀಜೆಂಟ್ ಬರೆಯಬೇಕಾದರೆ ಎರಡು ಜೊತೆ ಕಣ್ಣು ಬೇಕು, ಅದು ಸಂಘದ ನಿಯಮ ಅಂದರು. ಮಲಗಮ್ಮಾ ಅಂತಲೂ ಅಂದರು.

ಅಕ್ಟೋಬರ್ ೧೦, ಶುಕ್ರವಾರ

ನರ್ಸ್ ಫೋನ್. ಸ್ಲೀಪ್ ಸ್ಕೂಲಿನಲ್ಲಿ ಸೋಮವಾರಕ್ಕೆ ಜಾಗ ಖಾಲಿಯಾಗಿದೆ. ತಾಯಿ-ಮಗು ಐದು ದಿನ ಅಲ್ಲೇ ಇದ್ದು ಮಲಗುವುದು ಕಲಿಯಬೇಕು. ರೀಸ್ ನನಗಿಂತ ಮೊದಲೇ ಹೂಂ ಅಂದುಬಿಟ್ಟ.

ಹೋಗಲ್ಲ ಅಂತಲ್ಲ. ಮಲಗಬೇಕು, ಗೊತ್ತು. ಆದರೆ ಹೀಗೆ ಹೋದರೆ? 'ಪಾಪ, ನಿದ್ದೆಗೆಟ್ಟು ಏನೇನೋ ನೋಡಿದಳು' ಎಂದಾಗುತ್ತದೆ. ಆಮೇಲೆ ಮಗು ಸುಡುತ್ತಿದೆ ಎಂದು ಓಡಿ ಬಂದರೂ ನನ್ನ ಹಣೆಯನ್ನೇ ಮುಟ್ಟಿ ನೋಡುತ್ತಾರೆ. ನಾನೂ ನನ್ನನ್ನು ನಂಬಲಾರೆ. ಸೋಮವಾರದೊಳಗೆ ಇನ್ನೊಬ್ಬರು ಅದನ್ನು ನೋಡಬೇಕು. ಇಷ್ಟೇ.

ಅಕ್ಟೋಬರ್ ೧೧

ಬೆಳಿಗ್ಗೆಯಿಂದ ಮೂರು ಸಲ ಮರದ ಕೆಳಗೆ. ಒಂದು ಸಲ ರೀಸ್ ಜೊತೆ. ಹಾಡಿತು, ಕಾಣಲಿಲ್ಲ. "ಸರಿ, ಬೋಳುತಲೆ," ಅಂದ ಅವನು, ಸಮಾಧಾನ ಮಾಡುವ ದನಿಯಲ್ಲಿ.

ನನಗೂ ಬೋಳುತಲೆಯೇ ಕೇಳಿಸುತ್ತಿದೆ. ಅದೇ ಭಯ.

ಅಕ್ಟೋಬರ್ ೧೨, ಭಾನುವಾರ. ಮಧ್ಯಾಹ್ನ

ಸಾಲಾಗಿ ಬರೆಯುತ್ತೇನೆ, ಒಂದೂ ಬಿಡಬಾರದು.

ನಾನು ಬ್ಯಾಗು ತುಂಬುವಾಗ ಮಗು ನೋಡಿಕೊಳ್ಳಲು ನೋರೀನ್ ಬಂದರು. ಡಬ್ಬಿ ತುಂಬ ಲ್ಯಾಮಿಂಗ್ಟನ್ ಕೇಕು. ಹ್ಯಾಟಿ ಕಿರುಚಾಟ ಶುರು. ನೋರೀನ್ ಮಿಷನ್ ಕಿತ್ತು ಜೇಬಿಗೆ ಹಾಕಿಕೊಂಡರು — "ಕಿರುಚಮ್ಮಾ, ನನಗೇನು ನಷ್ಟ" — ಎತ್ತಿಕೊಂಡು ಹೊಳೆ ಕಡೆ ಹೋದರು.

ಕಿಟಕಿಯಿಂದ ನೋಡುತ್ತಿದ್ದೆ. ಮರದ ಕೆಳಗೆ ನಿಂತರು. ಹಾಡು ಬಂತು. ನನಗೆ ಇಲ್ಲಿವರೆಗೂ ಕೇಳಿತು. ಅವರಿಗೆ ಕೇಳಲಿಲ್ಲ. ಆದರೆ ಕತ್ತೆತ್ತಿದವರು ಇಳಿಸಲೇ ಇಲ್ಲ. ಹ್ಯಾಟಿಯನ್ನು ತೂಗುತ್ತಿದ್ದ ಕೈ ನಿಂತುಹೋಯಿತು.

ಬರಿಗಾಲಲ್ಲಿ ಓಡಿದೆ. ಕಿವಿ ಮಂದವಾದವರ ಪಿಸುಮಾತು, ಹೊಳೆಯಾಚೆಗೂ ಕೇಳುವಂಥದ್ದು:

"ಏನು ಹಾಡ್ತಿದೆ ಅದು?"

"ನಾಲ್ಕು ಗಂಟೆ ಅಂತಿದೆ, ನೋರೀನ್." ತುಟಿ ಬಿಡಿಸಿ ಹೇಳಿದೆ.

"ನನಗೇನೂ ಕೇಳ್ತಿಲ್ಲ. ನನಗೆ ಬರೀ ರೀಜೆಂಟ್ ಕಾಣ್ತಿದೆ."

ಅತ್ತೆವು. ಇಬ್ಬರೂ. ಹ್ಯಾಟಿ ಅಳು ನಿಲ್ಲಿಸಿ ನಮ್ಮನ್ನೇ ನೋಡಿದಳು. ಅಷ್ಟರಲ್ಲಿ ಇನ್ನೊಂದು, ಬಣ್ಣ ಸ್ವಲ್ಪ ಕಮ್ಮಿ, ಕೊಕ್ಕಿನಲ್ಲಿ ತೊಗಟೆಯ ಎಳೆ. ಹೆಣ್ಣು. ಗೂಡು ಕಟ್ಟುತ್ತಿದೆ!

ರೀಸ್‌ನನ್ನು ಎಳೆದುಕೊಂಡು ಬಂದೆವು. ಬಾಯಿ ತೆರೆದು ನಿಂತ. "ಟ್ಯಾಮ್ಸಿನ್," ಅಂದ, ನನ್ನ ಹೆಸರಷ್ಟೇ. ಅಷ್ಟು ಸಾಕಿತ್ತು.

ನೋರೀನ್ ಮನೆಗೆ ಹೋಗಿ ದಾಖಲೆ ಪುಸ್ತಕವನ್ನೇ ಹೊತ್ತು ತಂದರು. ರೀಜೆಂಟ್ ೨, ನೋ. ನನ್ನ ಹೆಸರು, ಕೆಳಗೆ ಅವರ ಹೆಸರು. ಆಮೇಲೆ ಪುಟ ಹಿಂದಕ್ಕೆ ತಿರುವುತ್ತಾ ಹೋದರು. ಹೋದ ವರ್ಷ, ಅದರ ಹಿಂದಿನ ವರ್ಷ, ಒಂಟಿ ಬೋಳುತಲೆ, ಕೇ ಎಂದಿದ್ದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಪ್ರಶ್ನೆಚಿಹ್ನೆ. ಒಂಬತ್ತಾದವು.

"ಕಿವಿ ಸರಿಯಿದ್ದಾಗ ನಾನೂ ಕತ್ತೆತ್ತಲಿಲ್ಲ ಕಣಮ್ಮಾ," ಅಂದರು.

ಅಕ್ಟೋಬರ್ ೧೯

ಸ್ಲೀಪ್ ಸ್ಕೂಲಿಗೆ ಹೋಗಿ ಬಂದೆ, ಒಂದು ವಾರ ಬರೆದಿಲ್ಲ. ಮಲಗಿದ್ದೆ! ಮೂರನೆಯ ರಾತ್ರಿ ಒಂದೇ ಸಮ ಆರು ಗಂಟೆ. ಎದ್ದು ಹ್ಯಾಟಿ ಉಸಿರಾಡುತ್ತಿದ್ದಾಳಾ ಎಂದು ಒಂದೇ ಸಲ ನೋಡಿದೆ.

ದಿನಾ ನೋರೀನ್ ಮೆಸೇಜು. ಬುಧವಾರದ್ದು: 'ಹೆಣ್ಣು ಗೂಡಲ್ಲಿ ಕೂತಿದೆ, ಏಳ್ತಿಲ್ಲ. ನೀನೂ ಏಳಬೇಡ.'

ನವೆಂಬರ್ ೨

ಮೂರು ಗಂಟೆಗೊಮ್ಮೆ ಹಾಲು, ನಡುವೆ ನಿದ್ದೆ. ಬಟ್ಟೆ ತಂತಿಯಲ್ಲಿ ಜೆಝೆಬೆಲ್ ೫, ನೋ.

ಮರಿ ಎರಡು, ನೋ ನೋ! ಗೂಡಿನ ಅಂಚಿನಲ್ಲಿ ಎರಡು ಬಾಯಿ, ಮತ್ತೇನಿಲ್ಲ. ಅಪ್ಪ ದಿನವಿಡೀ 'ನಾಲ್ಕ್ ಗಂಟೆ'. ಇವೂ ಅದನ್ನೇ ಕಲಿಯುತ್ತವಲ್ಲ ಎಂದು ನನಗೆ ಒಳಗೊಳಗೇ ಸಂಕಟ.

ನೋರೀನ್‌ಗೆ ನಿಜವಾದ ಹಾಡು ನೆನಪಿದೆ. ಹುಡುಗಿಯಾಗಿದ್ದಾಗ ಈ ಹೊಳೆಯಲ್ಲಿ ಮೂವತ್ತು ನಲವತ್ತು ಒಟ್ಟಿಗೆ ಹಾಡುತ್ತಿದ್ದವಂತೆ. ಹ್ಯಾಟಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸಿಳ್ಳೆಯಲ್ಲಿ ಹೇಳುತ್ತಾರೆ. ಸಣ್ಣ ಗಂಟೆಗಳನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲಾಡಿಸಿದ ಹಾಗೆ, ಕೊನೆಗೆ ನೀರು ನುಂಗಿದಂತೆ ಒಂದು ಗುಟುಕು. ತಮ್ಮ ಸಿಳ್ಳೆ ತಮಗೇ ಕೇಳುವುದಿಲ್ಲ. ತಪ್ಪಿದ್ರೆ ಹೇಳು ಅನ್ನುತ್ತಾರೆ. ನನಗೆ ಹೇಗೆ ಗೊತ್ತಾಗಬೇಕು? ನಾನು ಅದನ್ನು ಕೇಳಿಯೇ ಇಲ್ಲ.

ನವೆಂಬರ್ ೧೫, ಶನಿವಾರ. ೫.೨೫

ಎಡ, ೧೦.

ನಾಲ್ಕ್ ಗಂಟೆ — ನಮ್ಮವನು, ಕೇ.

ತಡಿ. ಇನ್ನೊಂದು. ಹೊಳೆಯ ಮೇಲುಗಡೆಯಿಂದ, ಬೇರೆ ಮರ. ಬಟ್ಟೆ ಸುತ್ತಿದ ಸಣ್ಣ ಗಂಟೆಗಳು... ಕೊನೆಗೆ ಗುಟುಕು. ನೋರೀನ್‌ದೇ. ನೋರೀನ್ ಸಿಳ್ಳೆಯೇ, ಆದರೆ ನೋರೀನ್ ಅಲ್ಲ, ಅವರು ಇಷ್ಟು ಹೊತ್ತಿಗೆ ಮಲಗಿರುತ್ತಾರೆ —

ಮತ್ತೆ. ನಮ್ಮವನು ಸುಮ್ಮನಾಗಿದ್ದಾನೆ. ಕೇಳಿಸಿಕೊಳ್ಳುತ್ತಿದ್ದಾನೆ. ಹ್ಯಾಟಿಯೂ ಹಾಲು ಬಿಟ್ಟು ಆ ಕಡೆ ತಿರುಗಿದಳು.

ರೀಜೆಂಟ್ ೧, ಕೇ. ಬರೆದೆ, ಯಾರನ್ನೂ ಕೇಳದೆ ಬರೆದೆ. ರೀಸ್‌ನನ್ನು ಎಬ್ಬಿಸಿ ನೋರೀನ್‌ರ ಬಾಗಿಲು ಬಡಿಯಲು ಕಳಿಸಬೇಕು. ಬೈನಾಕ್ಯುಲರ್ ಕುತ್ತಿಗೆಯಲ್ಲೇ ಇದೆ. ಹ್ಯಾಟಿಗೆ ಟೋಪಿ. ಬಲ ಆಮೇಲೆ, ಮರದ ಕೆಳಗೇ —