ಹುಳು ಮೇದ ಸಸಿ

ಅಕ್ಕನಿಗೆ ನಮಸ್ಕಾರ.

ನಿನ್ನ ಕ್ಯಾನ್ಸರಿಗೆ ಕೊಡುವ ಇಂಜೆಕ್ಷನ್ನಿನ ಮದ್ದು ನಿತ್ಯಪುಷ್ಪದ ಎಲೆಯದು. ಮದ್ದಾಗುವ ಆ ಎಲೆಯ ಕಹಿಯನ್ನು ಯಾವ ಜೀನ್ ತಯಾರಿಸುತ್ತದೆಂದು ತಿಳಿಯಲು ಒಂದು ಸಸಿಯಲ್ಲಿ ಜೀನೊಂದನ್ನು ಕತ್ತರಿಸಿ, ಐದು ತಿಂಗಳು ಕೂಸಿನಂತೆ ಸಾಕಿದ್ದೆ. ಇವತ್ತು ಹಸಿರುಮನೆಗೆ ಹೋದರೆ ಕಂಬಳಿಹುಳುಗಳು ಅದೊಂದನ್ನೇ ಮೇದಿವೆ, ಪಕ್ಕದ ಗಿಡಗಳನ್ನು ಮೂಸಿಯೂ ನೋಡಿಲ್ಲ. ಕಹಿ ಹೋಗಿದೆ, ಜೀನ್ ಸಿಕ್ಕಿದೆ ಎಂದು ಕುಣಿಯಬೇಕಿತ್ತು. ಆದರೆ ನಮ್ಮ ಮೇಡಂ, "ಹುಳದ ಸಾಕ್ಷಿ ಯಾರೂ ಒಪ್ಪಲ್ಲಮ್ಮ, ಎಲೆ ಪರೀಕ್ಷೆ ಮಾಡಿ ತೋರಿಸು" ಅಂದರು. ಉಳಿದಿದ್ದು ಒಂದೇ ಎಲೆ. ಅದನ್ನೂ ಅರೆದು ಪರೀಕ್ಷೆಗೆ ಕೊಟ್ಟೆ. ಫಲಿತಾಂಶ ನಾಳೆ.

ನನ್ನ ಕೆಮ್ಮು ವಾಸಿಯಾಗಿದೆ. ಅಂಚೆಯವನು ಡಬ್ಬಿ ತೆರೆಯುವ ಹೊತ್ತಾಯಿತು. ನಿನಗೆ ಜ್ವರ ಬಂದರೆ, ಭಾವನಿಗೆ ಹೇಳದಿದ್ದರೂ ನನಗೆ ಬರೆ.

ನಿನ್ನ ಪುಟ್ಟಿ