ಕನ್ನಡಿಯಲ್ಲಿ ಮೊಣಕೈ

ಗುರುವಾರ, ರಾತ್ರಿ ಹತ್ತೂವರೆ. ಸಂಜೆ ಮೈದುನ ಬಂದಿದ್ದ. ಬೇರೆ ರಾಜ್ಯದಲ್ಲಿ ಬಾಡಿಗೆಗೆ ಕೊಡಲು ಮನೆ ಕೊಳ್ಳುತ್ತಾನಂತೆ. ನನ್ನ ಸಲಹೆ ಬೇಕಂತೆ.

"ಅಣ್ಣ ಕೈ ಸುಟ್ಕೊಂಡ್ನಲ್ಲ ಅತ್ತಿಗೆ, ನಿಮಗೆ ಅನುಭವ ಇದೆ. ನಾನೇನು ಅವನಷ್ಟು ಪೆದ್ದಲ್ಲ ಬಿಡಿ," ಎಂದು ನಗುತ್ತಾ ಫೋನಿನಲ್ಲಿ ಆ ಮನೆಯ ಫೋಟೋ ಮುಂದೆ ಹಿಡಿದ.

ನಮ್ಮ ಮನೆಯೇ! ಇವರು ತೀರಿಕೊಂಡ ಮೇಲೆ ದಲ್ಲಾಳಿ ಹೇಳಿದ ಬೆಲೆಗೆ ನಾನು ಕೊಟ್ಟುಬಿಟ್ಟ ಮನೆ. ಬಾಡಿಗೆಗೆ ಬರುವವರಿಗೆ ತೋರಿಸಲೆಂದು ಇವರೇ ತೆಗೆದ ಹಳೆಯ ಫೋಟೋಗಳನ್ನು ಆ ದಲ್ಲಾಳಿ ಈಗಲೂ ಕಳಿಸುತ್ತಿದ್ದಾನೆ. ಬಚ್ಚಲಿನ ಕನ್ನಡಿಯಲ್ಲಿ ಇವರ ಮೊಣಕೈ ಕಾಣುತ್ತದೆ, ಸ್ವೆಟರಿಗೆ ನಾನು ಹಾಕಿದ ನೀಲಿ ತೇಪೆಯೂ. ಮೈದುನನಿಗೆ ಗುರುತು ಸಿಗಲಿಲ್ಲ. ಅಣ್ಣ ಕೊಂಡ ಮನೆ ಯಾವ ಊರಿನಲ್ಲಿದೆ ಎಂದು ಒಂದು ದಿನವೂ ಕೇಳಿದವನಲ್ಲ. ಹೆಣದ ಪಕ್ಕ ಕೂತು ಮಾತ್ರ, "ಆ ಮನೆ ಚಿಂತೇಲೇ ಸತ್ತ, ದಡ್ಡ," ಎಂದು ಬಂದವರಿಗೆಲ್ಲ ಹೇಳಿದ್ದ.

ಹೇಳಬಹುದಿತ್ತು. ಮೊದಲು ಹೋಗಿ ಕಣ್ಣಾರೆ ನೋಡು, ಹಿಂದಿನ ಗೋಡೆಗೆ ಬೆರಳು ಒತ್ತು, ಹಿಟ್ಟಿನ ಹಾಗೆ ಉದುರುತ್ತದೆ. ಪಕ್ಕದ ಮನೆಯವರನ್ನು ವಿಚಾರಿಸು. ಮಾರಿದವನ ಕೈಗೇ ಬಾಡಿಗೆ ವಸೂಲಿಯನ್ನೂ ಕೊಡಬೇಡ.

"ಹೋಗಿ ನೋಡಿದ್ಯಾ?" ಎಂದಷ್ಟೇ ಕೇಳಿದೆ.

"ಫೋಟೋ ಇದೆಯಲ್ಲ ಅತ್ತಿಗೆ! ಹೇಗಿದೆ ಹೇಳಿ."

"ಚೆನ್ನಾಗಿದೆ. ಒಳ್ಳೆ ಬೆಳಕಿದೆ."

ಬಚ್ಚಲಿನ ಫೋಟೋ ನನಗೊಂದು ಕಳಿಸು ಎಂದೆ. ಯಾಕೆಂದೂ ಕೇಳದೆ ಕಳಿಸಿದ. ಆಗಿನಿಂದ ಆ ಮೊಣಕೈಯನ್ನೇ ನೋಡುತ್ತಾ ಕೂತಿದ್ದೇನೆ.

ನಾಳೆ ಬೆಳಿಗ್ಗೆ ಅವನು ಮುಂಗಡ ಕಟ್ಟುತ್ತಾನೆ.